ಚರ್ಮದಡಿಯ ಚಾಕು

ಸ್ಯಾನ್ ಡಿಯಾಗೊದ ಈ ಮಾಂಸದಂಗಡಿಯಲ್ಲಿ, ಸಾಣೆಕಲ್ಲಿಗೆ ನೀರು ಚಿಮುಕಿಸಿದಾಗ ಏಳುವ ವಾಸನೆಗೆ ದಿನವೂ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಕೊರೊನಾ ಬಂದು ಶಾಲೆ ಮುಚ್ಚಿದ್ದ ವರ್ಷ. ಬೇಟೆಯ ಪರ್ಮಿಟ್ ಪಡೆದು ಬೆಟ್ಟದಲ್ಲಿ ಹೊಡೆದ ಜಿಂಕೆಯನ್ನು ಅಪ್ಪ ಚಾಟ್ಸ್‌ವರ್ತ್ ಊರಿನ ನಮ್ಮ ಮನೆಯ ಗ್ಯಾರೇಜಿಗೆ ತಂದಿದ್ದರು. ಹೊರಗೆ ಸುಡುಬಿಸಿಲು. ಮಾಂಸ ಕೆಡುವ ಮೊದಲು ಸುಲಿದು ಮುಗಿಸಬೇಕಿತ್ತು. ನನಗೂ ತಮ್ಮನಿಗೂ ಸೇರಿ, ಅಪ್ಪ ಆಗಷ್ಟೇ ಸಾಣೆಕಲ್ಲಿಗೆ ನೀರು ಚಿಮುಕಿಸಿ ಮಸೆದುಕೊಟ್ಟ ಒಂದೇ ಚಾಕು.

“ಕೈಯಿಂದ ಕೈಗೆ ಕೊಡಬೇಡ ಕಣೋ, ಜಗಳ ಆಗುತ್ತೆ. ಹಲಗೆ ಮೇಲಿಡು, ಅವನು ತಗೊಳ್ಲಿ,” ಎಂದು ಅಪ್ಪ ಹೇಳುತ್ತಲೇ ಇದ್ದರು.

ನನ್ನ ಬೆರಳಿಗೆಲ್ಲ ಕೊಬ್ಬು ಮೆತ್ತಿಕೊಂಡಿತ್ತು. ಎದ್ದು ಹಲಗೆಯವರೆಗೆ ಹೋಗಲು ಬೇಸರವಾಗಿ ಚಾಕನ್ನು ಪಕ್ಕದಲ್ಲೇ ಇಟ್ಟೆ. ಸುಲಿದ ಚರ್ಮ ಜಾರಿ ಅದರ ಮೇಲೆ ಬಿತ್ತು. ನೋಡಿದೆ, ಹೇಳಲಿಲ್ಲ. ಚರ್ಮ ಎಳೆಯಲು ತಮ್ಮ ಅದರಡಿಗೆ ಕೈ ಹಾಕಿದ.

“ಅಣ್ಣಾ!” ಎಂದು ಕಿರುಚಿದ. ಪಕ್ಕದಲ್ಲೇ ಇದ್ದ ಅಪ್ಪನನ್ನು ಕರೆಯಲಿಲ್ಲ.

ಅಪ್ಪ ಟವೆಲ್ ಸುತ್ತಿ ಅವನ ಬೆರಳುಗಳ ಬುಡವನ್ನು ಅದುಮಿ ಹಿಡಿದರು. “ಅಲ್ಲಿ ಚಾಕು ಇಟ್ಟವನು ಯಾರೋ?”

“ಅವನೇ,” ಎಂದೆ.

“ಎಷ್ಟು ಸಲ ಬಡ್ಕೊಂಡಿದೀನಿ, ಕತ್ತೆ!”

ತಮ್ಮ ನನ್ನನ್ನೇ ನೋಡುತ್ತ, “ಸಾರಿ, ಡ್ಯಾಡಿ,” ಎಂದ.

ಆಸ್ಪತ್ರೆಯಲ್ಲಿ ಅವನ ಜೊತೆಗೆ ಅಪ್ಪನೊಬ್ಬರನ್ನೇ ಒಳಗೆ ಬಿಟ್ಟರು. ನಾನು ಹೊರಗೆ ನಮ್ಮ ಪಿಕಪ್ ಟ್ರಕ್ಕಿನಲ್ಲಿ ಕೂತು, ಅವನ ಬೆರಳು ಮೊದಲಿನಂತಾದರೆ ನಿಜ ಹೇಳಿಬಿಡುತ್ತೇನೆ ಎಂದು ದೇವರಿಗೆ ಹರಕೆ ಹೊತ್ತೆ.

ಅವನ ಎರಡು ಬೆರಳು ಮತ್ತೆ ಮಡಚಲಿಲ್ಲ. ನಾನು ಹೇಳಲೂ ಇಲ್ಲ.