ಮೂರನೇ ಪ್ಲಗ್

ಏರು ಹತ್ತುವಾಗಲೇ ಕಾರು ಕೈಕೊಟ್ಟಿತು. ದೊಡ್ಡಕ್ಕ ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ಅದು ಮೈಯೆಲ್ಲ ನಡುಗಿಸಿಕೊಂಡು ಗುಡುಗುಡು ಅಂದಿತೇ ಹೊರತು ಮುಂದಕ್ಕೆ ಬರಲು ಸುತರಾಂ ಒಪ್ಪಲಿಲ್ಲ. ಹೇಗೋ ತೆವಳಿಸಿಕೊಂಡು ಏರಿನ ತುದಿಯಲ್ಲಿದ್ದ ಗ್ಯಾರೇಜಿನೊಳಗೆ ತಂದು ನಿಲ್ಲಿಸಿದಳು. ಸಂಜೆಗೆ ಪಕ್ಕದ ಊರಿನ ಸಭಾಂಗಣದಲ್ಲಿ ಮೂವರು ಅಕ್ಕತಂಗಿಯರ ಹಾಡು ಇತ್ತು. ಹಿಂದಿನ ಸೀಟಿನಲ್ಲಿದ್ದ ನಡುವಿನವಳಿಗೆ ಮಾತ್ರ, ಇದು ಇಲ್ಲೇ ನಿಂತುಹೋದರೆ ಎಷ್ಟು ಚೆನ್ನ ಅನ್ನಿಸಿತು.

ಯಾಕೆಂದರೆ ಅವಳು ಹಾಡುತ್ತಲೇ ಇರಲಿಲ್ಲ! ಗಂಟಲಿನ ಆಪರೇಷನ್ ಆದಮೇಲೆ ಮಾತು ಮರಳಿತ್ತು, ಹಾಡು ಮರಳಿರಲಿಲ್ಲ. ಎಲ್ಲ ಸರಿಹೋಯಿತು ಎಂದು ಅಕ್ಕನಿಗೂ ತಂಗಿಗೂ ಸುಳ್ಳು ಹೇಳಿ, ಅಂದಿನಿಂದ ವೇದಿಕೆಯ ಮೇಲೆ ಬರೀ ತುಟಿ ಆಡಿಸುತ್ತಿದ್ದಳು. ಹಾಡು ಬಿಟ್ಟು ಹೇಗಿರಬೇಕೆಂದು ಪಾಪ ಅವಳಿಗೆ ಗೊತ್ತೇ ಇರಲಿಲ್ಲ. ಆದರೆ ಈಚೆಗೆ ದೊಡ್ಡಕ್ಕ ಹಾಡುವಾಗೆಲ್ಲ ಅವಳನ್ನು ತನ್ನ ಕಣ್ಣೆದುರಿಗೇ ನಿಲ್ಲಿಸಿಕೊಳ್ಳುತ್ತಿದ್ದಳು. ಕಳ್ಳತನ ಹಿಡಿಯುವುದಕ್ಕೇ ಇರಬೇಕು ಎಂದು ಇವಳ ಗುಮಾನಿ. ಸಿಕ್ಕಿಬೀಳುವ ಮೊದಲು ತಾನೇ ಹೇಳಿ ಬಿಟ್ಟುಬಿಡಬೇಕು, ಅದೂ ಇವತ್ತೇ, ಎಂದು ನಿರ್ಧರಿಸಿ ಹೊರಟಿದ್ದಳು.

ಮೆಕ್ಯಾನಿಕ್ ಬಾಯಿಗೆ ಬಿಡುವು ಕೊಡದ ಆಸಾಮಿ. ದೊಡ್ಡಕ್ಕನನ್ನು ಇಳಿಸಿ ತಾನು ಸ್ಟೀರಿಂಗ್ ಮುಂದೆ ಕೂತವನೇ ಹಣೆ ಚಚ್ಚಿಕೊಂಡ. "ಇದ್ಯಾವ ಸೀಮೆ ಕನ್ನಡಿ ಕಣ್ರಮ್ಮಾ! ಹಿಂದೆ ಬರೋ ಲಾರಿ ಕಾಣಲ್ಲ, ಹಿಂದಿನ ಸೀಟು ಕಾಣುತ್ತೆ!" ಎಂದು ಕನ್ನಡಿಯನ್ನು ನೆಟ್ಟಗೆ ತಿರುಗಿಸಿ, ಕಾರು ಸ್ಟಾರ್ಟ್ ಮಾಡಿ, ಇಳಿದು ಬಾನೆಟ್ ಎತ್ತಿದ. ದೊಡ್ಡಕ್ಕ ಬಗ್ಗಿ ಕನ್ನಡಿಯನ್ನೊಮ್ಮೆ ನೋಡಿದಳು.

ತಗಡಿನ ಸೂರಿನ ತೂತುಗಳಿಂದ ಬಿಸಿಲು ಇಳಿದು ನೆಲದ ಎಣ್ಣೆ ಕಲೆಗಳ ಮೇಲೆ ಬಣ್ಣಬಣ್ಣವಾಗಿ ಮಲಗಿತ್ತು. ಧೂಳು ಅವಸರವಿಲ್ಲದೆ ತೇಲುತ್ತಿತ್ತು. ಕಾರಿನಲ್ಲೇ ಕೂತಿದ್ದ ನಡುವಿನವಳು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು. ಇಂಜಿನ್ನಿನ ಸದ್ದು ಕಾಲಡಿಯಿಂದ ಎದೆಯವರೆಗೂ ಏರಿ ಬಂತು. ಮೂರು ಬಡಿತ, ಒಂದು ನುಂಗು. ಮೂರು ಬಡಿತ, ಒಂದು ನುಂಗು. ಒಳಗೆ ಯಾರೋ ಒಬ್ಬರು ಬರೀ ತುಟಿ ಆಡಿಸುತ್ತಿದ್ದಾರೆ ಅನ್ನಿಸಿ ಅವಳಿಗೆ ಅರೆನಿದ್ದೆಯಲ್ಲೂ ನಾಚಿಕೆಯಾಯಿತು.

"ನಾಲ್ಕು ಸಿಲಿಂಡರಲ್ಲಿ ಒಂದು ಕೆಲಸ ಮಾಡ್ತಿಲ್ಲ, ಅದಕ್ಕೇ ಏರು ಹತ್ತಲ್ಲ ಅಂತಿದೆ," ಮೆಕ್ಯಾನಿಕ್ ಹೇಳುತ್ತಿದ್ದ. "ಹಿಡಿಯೋದು ಸುಲಭ. ಒಂದೊಂದೇ ಪ್ಲಗ್ಗಿನ ವೈರ್ ಕೀಳ್ತೀನಿ. ಕಿತ್ತಾಗ ಇಂಜಿನ್ ಒದ್ದಾಡಿದ್ರೆ ಅದು ದುಡಿಯೋದು. ಕಿತ್ರೂ ಏನೂ ಆಗದಿದ್ರೆ, ಅದೇ ದಂಡಪಿಂಡ."

ಮೊದಲನೆಯದನ್ನು ಕಿತ್ತ, ಇಂಜಿನ್ ಮುಗ್ಗರಿಸಿತು. ಅದನ್ನು ಮತ್ತೆ ಸಿಕ್ಕಿಸಿ ಎರಡನೆಯದನ್ನು ಕಿತ್ತ, ಇನ್ನೇನು ಸತ್ತೇಹೋಯಿತು ಅನ್ನುವಂತಾಯಿತು. ಮೂರನೆಯದನ್ನು ಕಿತ್ತ. ಸದ್ದು ಹೇಗಿತ್ತೋ ಹಾಗೇ ಇತ್ತು.

"ಸಿಕ್ಕಿಬಿತ್ತು ನೋಡಿ! ಇದು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ."

ಕಿರಿಯವಳು ಕಿಸಕ್ಕನೆ ನಕ್ಕಳು. ನಡುವಿನವಳು ಕಣ್ಣೊರೆಸಿಕೊಂಡಳು. ಹಾಡಲು ಬಾರದ ಗಂಟಲು ಅಳುವುದಕ್ಕೆ ಮಾತ್ರ ಸದಾ ತಯಾರು.

ಮೆಕ್ಯಾನಿಕ್ ಮೂರನೇ ಪ್ಲಗ್ ಬಿಚ್ಚಿ ಮೂಸಿದ. ಉರಿಯದ ಪೆಟ್ರೋಲಿನಲ್ಲಿ ಒದ್ದೆಯಾಗಿತ್ತು. ಅದರ ಜಾಗಕ್ಕೆ ಪಕ್ಕದ ಒಳ್ಳೆಯ ಪ್ಲಗ್ ಹಾಕಿ ನೋಡಿದ. ಆದರೂ ಮೂರನೆಯದೇ ಮೂಕ. ಹುಬ್ಬು ಗಂಟಿಕ್ಕಿ, ಹೋಗಿ ಷಟರನ್ನು ಅರ್ಧ ಎಳೆದ. ಗ್ಯಾರೇಜು ಮಬ್ಬಾಯಿತು. ಆ ಮಬ್ಬಿನಲ್ಲಿ, ಮೂರನೇ ವೈರಿನ ಒಂದು ಬಿರುಕಿನಿಂದ, ಎಳೆಯ ನೀಲಿ ಕಿಡಿಯೊಂದು ಪುಟಪುಟನೆ ಹೊರಗೆ ಹಾರುತ್ತಿತ್ತು. ನಡುವಿನವಳೂ ಇಳಿದು ಬಂದಳು, ನಾಲ್ವರೂ ಅದನ್ನೇ ನೋಡುತ್ತ ನಿಂತರು.

"ಛೆ, ಪ್ಲಗ್ಗನ್ನ ಸುಮ್ಮನೆ ಬೈದೆ," ಅಂದ ಮೆಕ್ಯಾನಿಕ್. "ಕರೆಂಟೇ ದಾರೀಲಿ ಸೋರಿಹೋದ್ರೆ ಅದೇನು ಮಾಡುತ್ತೆ?"

ಹೊಸ ವೈರ್ ಹಾಕಿದ್ದೇ ತಡ, ಇಂಜಿನ್ ಒಂದೇ ಸಮನೆ ಗುಂಯ್‌ಗುಡತೊಡಗಿತು. ಮತ್ತೆ ಹೊರಟರು. ಇಕ್ಕೆಲಗಳ ಮರದ ನೆರಳುಗಳು ಒಂದೊಂದಾಗಿ ಗಾಜಿನ ಮೇಲೆ ಹತ್ತಿ ಇಳಿದವು. ಈಗ ಹೇಳಬೇಕು, ಈಗ, ಎಂದು ನಡುವಿನವಳು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ದೊಡ್ಡಕ್ಕ ವಾಡಿಕೆಯಂತೆ ಹಾಡು ಎತ್ತಿಕೊಂಡಳು, ಕಿರಿಯವಳು ದನಿಗೂಡಿಸಿದಳು. ನಡುವಿನವಳು ತುಟಿ ಬಿಗಿದು ಕೂತಳು. ತನ್ನ ವೈರನ್ನು ತಾನೇ ಕಿತ್ತು ನೋಡಿಬಿಡೋಣ!

ಎರಡನೇ ಸಾಲಿಗೇ ದೊಡ್ಡಕ್ಕ ಎಡವಿದಳು. ಮತ್ತೆ ಎತ್ತಿಕೊಂಡಳು, ಈ ಸಲ ಅರ್ಧಕ್ಕೇ ಉಸಿರು ಮುಗಿದು ಕೆಮ್ಮಿದಳು.

"ಏನು ದೊಡ್ಡಕ್ಕಾ, ಕಾರಿನ ಕಾಯಿಲೆ ನಿನಗೆ ಹಿಡ್ಕೊಳ್ತಾ?" ಕಿರಿಯವಳು ಛೇಡಿಸಿದಳು.

"ಆ ಮೆಕ್ಯಾನಿಕ್ಕಿನ ಕೈ ಸುಮ್ಮನಿರಲ್ಲ ನೋಡು," ಎಂದು ಗೊಣಗುತ್ತ ದೊಡ್ಡಕ್ಕ ಕೈ ಎತ್ತಿ ಕನ್ನಡಿಯನ್ನು ಓರೆಯಾಗಿ ತಿರುಗಿಸಿದಳು.

"ಅಯ್ಯೋ, ಹಿಂದೆ ಲಾರಿ ಬಂದ್ರೆ?" ಅಂದಳು ಕಿರಿಯವಳು.

"ಹಾರ್ನ್ ಹೊಡೀತಾನೆ ಬಿಡು."

ಕನ್ನಡಿಯಿಂದ ರಸ್ತೆ ಜಾರಿಹೋಗಿ, ಬಿಗಿದು ಮುಚ್ಚಿದ ಬಾಯೊಂದು ಬಂದು ನಿಂತಿತು.

"ದೊಡ್ಡಕ್ಕಾ, ನನ್ನ ಗಂಟಲು..." ನಡುವಿನವಳು ಶುರುಮಾಡಿದಳು.

"ಗೊತ್ತು ಕಣೇ. ಆಪರೇಷನ್ ಆದಾಗಿಂದ ಗೊತ್ತು. ಗಂಟಲನ್ನ ಯಾರು ಕೇಳಿದ್ರೀಗ? ನಿನ್ನ ತುಟಿ ಕಾಣದಿದ್ರೆ ಎಲ್ಲಿ ಉಸಿರು ತಗೋಬೇಕು ಅಂತಾನೇ ನನಗೆ ಗೊತ್ತಾಗಲ್ಲ. ಹೂಂ, ಬಾಯಿ ತೆಗಿ."