ಒಣಹುಲ್ಲಿನ ಬಣ್ಣ

ಒಣಹುಲ್ಲಿನ ಬಣ್ಣ ಯಾವುದು ಎಂಬುದು ನೆಬ್ರಾಸ್ಕದ ಮರಳುಗುಡ್ಡಗಳ ಸೀಮೆಯಲ್ಲಿ ದೇವರಿದ್ದಾನೋ ಇಲ್ಲವೋ ಎಂಬುದಕ್ಕಿಂತ ಗಹನವಾದ ಪ್ರಶ್ನೆ. ದೇವರ ವಿಷಯಕ್ಕೆ ಊರಲ್ಲಿ ಎರಡೇ ಚರ್ಚುಗಳಿದ್ದವು. ಹುಲ್ಲಿನ ವಿಷಯಕ್ಕೆ ಆರ್ಡೆನ್ ಕುಚೆರಾನ ಅಂಗಡಿಯೊಂದರಲ್ಲೇ ಹುಲ್ಲಲ್ಲಿ ಮರೆಯಾಗಿಸುವ ಹನ್ನೊಂದು ಬಗೆಯ ಬೇಟೆ ದಿರಿಸುಗಳಿದ್ದವು.

ಟ್ವೈಲಾ ಸೋರೆನ್ಸನ್ ಹನ್ನೊಂದನ್ನೂ ಕೌಂಟರಿನ ಮೇಲೆ ಹರವಿಸಿದ್ದಳು. ಚಿಗರೆ ಬೇಟೆ ಶುರುವಾಗುವ ಶನಿವಾರಕ್ಕೆ ಇನ್ನು ನಾಲ್ಕೇ ದಿನ.

"ಕರ್ಟ್‌ಗಾ?" ಎಂದ ಆರ್ಡೆನ್.

"ಮನೇಲಿ ಬೇಟೆ ಆಡೋರು ಇನ್ಯಾರಿದಾರೆ?"

ಮೂಲೆಯಲ್ಲಿ ಕಾಫಿ ಹೀರುತ್ತಿದ್ದ ಮುದುಕ ಹಾಲಿಸ್ ನಕ್ಕ. "ನಲವತ್ತು ವರ್ಷದಲ್ಲಿ ನಮ್ಮವಳು ನಂಗೆ ಒಂದು ಕಾಲುಚೀಲ ತಂದುಕೊಟ್ಟಿಲ್ಲ ಕಣಮ್ಮ. ನಿನ್ನ ಗಂಡ ಪುಣ್ಯವಂತ."

ಟ್ವೈಲಾ ನಗಲಿಲ್ಲ. ಒಣಹುಲ್ಲಿನ ಗೆರೆಗಳಿದ್ದ ಅಂಗಿಯೊಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. "ಇದನ್ನ ಹಾಕ್ಕೊಂಡು ನಡೀತಿದ್ರೂ ಕಾಣಿಸಲ್ವಾ? ಗುಡ್ಡದ ಮೇಲಿಂದ ಯಾರಾದ್ರೂ ದುರ್ಬೀನು ಹಾಕಿ ನೋಡಿದ್ರೆ?"

"ಚಿಗರೆಗಳು ಈಗ ದುರ್ಬೀನೂ ಹಾಕ್ಕೊಳ್ತವಾ?" ಎಂದ ಹಾಲಿಸ್.

ಆರ್ಡೆನ್ ಅಳತೆ ಕೇಳಿದ. ಮೀಡಿಯಂ ಎಂದಳು.

"ಕರ್ಟ್‌ಗೆ ಮೀಡಿಯಮ್ಮಾ? ಅವನ ಒಂದು ತೋಳೂ ತೂರಲ್ಲ."

ಅವಳು ತಡವರಿಸಿದಳು. "ಹೌದಲ್ವಾ. ದೊಡ್ಡದೇ ಕೊಡಿ."

ಗಂಡನ ಅಳತೆಯನ್ನೇ ಮರೆತವಳು ಇನ್ನೇನೇನು ಮರೆತಿದ್ದಾಳೋ ಎಂದುಕೊಂಡ ಆರ್ಡೆನ್, ಕಿತ್ತಳೆ ಬಣ್ಣದ ತೋಳಿಲ್ಲದ ಮೇಲಂಗಿಯನ್ನೂ ತೆಗೆದಿಟ್ಟ. "ಬಂದೂಕಿನ ಬೇಟೆಗೆ ಇದಿಲ್ದೆ ಹೋಗೋ ಹಾಗಿಲ್ಲ. ಕಾನೂನು."

"ಅದು ಬೇಡ."

ಹಾಲಿಸ್ ಕಾಫಿ ಲೋಟ ಕೆಳಗಿಟ್ಟ. ಬೇಟೆಗಾರರು ಒಬ್ಬರನ್ನೊಬ್ಬರು ಚಿಗರೆಯೆಂದು ಹೊಡೆದುಕೊಳ್ಳದಿರಲೆಂದೇ ಇರುವ ಬಣ್ಣ ಅದು. ಹೋದ ವರ್ಷ ಅದನ್ನು ತೊಡದೆ ಹೋದ ಒಬ್ಬನನ್ನು ಅವನ ಗೆಳೆಯನೇ ಹೊಡೆದು ಕೊಂದಿದ್ದ. "ಕಾಣಿಸಲಿಲ್ಲ" ಎಂದ. ನ್ಯಾಯಾಲಯ ನಂಬಿತು. ಸತ್ತವನ ಹೆಂಡತಿಯನ್ನು ಆ ಗೆಳೆಯ ಆರೇ ತಿಂಗಳಿಗೆ ಮದುವೆಯಾದ ಮೇಲೆ ಊರು ನಂಬುವುದನ್ನು ಬಿಟ್ಟಿತು.

ಕರ್ಟ್‌ನ ಬೇಟೆಯ ಜೊತೆಗಾರ ದನದ ಡಾಕ್ಟರು ಡೇಲ್. ಹೋದ ತಿಂಗಳು ಡೇಲ್‌ನ ದವಾಖಾನೆಯ ಹಿಂದೆ ಟ್ವೈಲಾಳ ಗಾಡಿ ಮೂರು ಸಲ ನಿಂತಿತ್ತು. ಸೋರೆನ್ಸನ್‌ರ ದನಗಳಿಗೆ ಯಾವ ರೋಗವೂ ಇರಲಿಲ್ಲ.

"ಹಿಂಡಿ ಚೀಲದಲ್ಲಿ ಹಾಕಿ ಬಾಯಿ ಹೊಲಿದುಬಿಡಿ," ಎಂದಳು ಟ್ವೈಲಾ. "ಶನಿವಾರದ ತನಕ ಅವರಿಗೆ ಗೊತ್ತಾಗಬಾರದು."

ಆರ್ಡೆನ್ ಒಳಕೋಣೆಗೆ ಹೋದ. ಅವಳು ಆರಿಸಿದ್ದನ್ನು ಪಕ್ಕಕ್ಕಿಟ್ಟ. ದಟ್ಟ ಕಾಡಿಗೆಂದು ಮಾಡಿದ, ಕಡುಹಸಿರು ಕಪ್ಪು ಬೆರೆತ ದಿರಿಸೊಂದು ಮಾರಾಟವಾಗದೆ ಬಿದ್ದಿತ್ತು. ಒಣಹುಲ್ಲಿನ ಮೇಲೆ ಅದು ಮೈಲಿ ದೂರಕ್ಕೂ ಶಾಯಿ ಚೆಲ್ಲಿದಂತೆ ಕಾಣುತ್ತದೆ. ಅದನ್ನು ತೊಟ್ಟವನನ್ನು ಹೊಡೆದು ಕಾಣಿಸಲಿಲ್ಲ ಎನ್ನಲು ಯಾರಿಗೂ ಬಾಯಿ ಬಾರದು. ಅದನ್ನೇ ಚೀಲಕ್ಕೆ ತುಂಬಿ ಹೊಲಿದ.

"ಕಾಣಿಸಲ್ಲ ಅಂತ ಆಣೆ ಮಾಡಿ ಹೇಳ್ತೀರಾ?" ಎಂದಳು ಟ್ವೈಲಾ.

"ಇದನ್ನ ತೊಟ್ಟವರ ಜೀವಕ್ಕೆ ನಾನು ಹೊಣೆ. ಹೋಗಮ್ಮ."

ಅವಳ ಕಣ್ಣು ತುಂಬಿತು. ಎಂಥ ನಟನೆ ಎಂದುಕೊಂಡ ಆರ್ಡೆನ್.

"ಶೆರಿಫ್‌ಗೆ ಒಂದು ಮಾತು ಹೇಳೋ," ಎಂದ ಹಾಲಿಸ್, ಅವಳು ಹೋದ ಮೇಲೆ.

"ಏನಂತ? ಹೆಂಡತಿ ಗಂಡನಿಗೆ ಬಟ್ಟೆ ತಗೊಂಡ್ಲು ಅಂತಲಾ?"

ಆ ನಾಲ್ಕು ದಿನ ಆರ್ಡೆನ್ ಒಂದು ಜೀವ ಉಳಿಸಿದವನ ನೆಮ್ಮದಿಯಲ್ಲಿದ್ದ.

ಶನಿವಾರ ಮಧ್ಯಾಹ್ನ ಡೇಲ್ ಅಂಗಡಿಗೆ ಬಂದ. ಬೇಟೆಯ ಬಟ್ಟೆಯಲ್ಲಿರಲಿಲ್ಲ. ಅಂಗಿಯ ಎದೆಯೆಲ್ಲ ರಕ್ತವಾಗಿತ್ತು.

ಆರ್ಡೆನ್ ಕೌಂಟರು ಸುತ್ತಿಕೊಂಡು ಹೋಗಿ ಅವನ ಕೊರಳಪಟ್ಟಿ ಹಿಡಿದ. "ಏನೋ ಮಾಡ್ದೆ ಕರ್ಟ್‌ಗೆ?"

"ಕರ್ಟ್‌ಗೇನಾಗಿದೆ? ಶೆರಿಫ್ ಹತ್ರ ಇದಾನೆ." ಡೇಲ್ ಬಿಡಿಸಿಕೊಳ್ಳಲೂ ಹೋಗಲಿಲ್ಲ. "ಮೂರು ಸಲ ಹೊಲಿಗೆ ಹಾಕಿದ್ದೆ ಅವಳಿಗೆ. ಅವನ ಹೊಡೆತಕ್ಕೆ. ಆಸ್ಪತ್ರೆಗೆ ಹೋದ್ರೆ ಅವನಿಗೆ ತಿಳಿಯುತ್ತೆ ಅಂತ ನನ್ನ ಹತ್ರ ಬರ್ತಿದ್ಲು. ವರ್ಷಕ್ಕೆ ಇದೊಂದು ದಿನ ಅವನು ಮನೆ ಬಿಟ್ಟು ಗುಡ್ಡದ ಮೇಲೆ ಕೂರೋದು. ಗಾಡೀಲಿ ಹೊರಟರೆ ಧೂಳೇ ಹೇಳಿಬಿಡುತ್ತೆ ಅಂತ ಹುಲ್ಲಲ್ಲಿ ನಡೆದು ಬರ್ತೀನಿ ಅಂದಿದ್ಲು. ನಾನು ಹೆದ್ದಾರೀಲಿ ಕಾಯ್ತಿದ್ದೆ."

"ಯಾವ ಬಟ್ಟೆ..." ಎಂದ ಆರ್ಡೆನ್. ಹಿಡಿದಿದ್ದ ಕೊರಳಪಟ್ಟಿ ಬಿಟ್ಟ.

"ಬೆಳಿಗ್ಗೆ ಫೋನಲ್ಲಿ ಅಂದ್ಲು. ಬಣ್ಣ ಯಾಕೋ ಕಪ್ಪನಿಸುತ್ತೆ, ಆದ್ರೆ ಆರ್ಡೆನ್ ಕೊಟ್ಟಿದ್ಮೇಲೆ ಸರಿಯೇ ಇರುತ್ತೆ ಅಂತ."

ಟ್ವೈಲಾ ಹೆದ್ದಾರಿಗೆ ಇನ್ನೂರು ಗಜ ದೂರದಲ್ಲಿ ಕರ್ಟ್‌ನ ಗುಂಡಿಗೆ ಸತ್ತಿದ್ದಳು.