ಮಂಗಳವಾರ ಬೆಳಿಗ್ಗೆ ಸಾವಿನ ಗಂಟೆ

ಭೀಮಾ ನದಿ ದಂಡೆಯ ಆ ಊರಿನಲ್ಲಿ ಪ್ರವಾಹದ ನೀರು ಇಳಿದು ಹದಿನಾರು ದಿನವಾಗಿತ್ತು... ರಾಹೇಲಮ್ಮನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಸಿಟ್ಟು ನದಿಯ ಮೇಲಲ್ಲ... ಚರ್ಚಿನ ಪಾಸ್ಟರ್ ಯೋನಾತಾನರ ಮೇಲೆ!

ಚರ್ಚಿನ ಸಭೆಗೆ ಸೇರಿದ ನಲವತ್ತೊಂದು ಮನೆಗಳಲ್ಲಿ ನಲವತ್ತಕ್ಕೆ ಅವರು ಹೋಗಿ ಬಂದಿದ್ದರು. ಕೆಸರು ಎತ್ತಿ ಹಾಕಿದ್ದರು, ರೇಷನ್ ಕಿಟ್ ಹೊತ್ತಿದ್ದರು, ಪ್ರಾರ್ಥನೆ ಮಾಡಿದ್ದರು.

ಉಳಿದದ್ದು ರಾಹೇಲಮ್ಮನ ಮನೆ ಒಂದೇ. ಅದು ದಿಬ್ಬದ ಮೇಲಿತ್ತು. ನೀರು ಅದರ ಹೊಸ್ತಿಲನ್ನೂ ಮುಟ್ಟಿರಲಿಲ್ಲ.

ಎಪ್ಪತ್ತೆರಡು ವರ್ಷದ ರಾಹೇಲಮ್ಮನಿಗೆ ಈ ಲಾಜಿಕ್ ಹಿಡಿಸಲಿಲ್ಲ. "ನೀರ್ ಬರ್ಲಿಲ್ಲಂದ್ರ ಪಾಸ್ಟರೂ ಬರಬಾರ್ದೇನು?"

ಮಂಗಳವಾರ ಬೆಳಿಗ್ಗೆ ಬಗಲಲ್ಲಿ ಬೈಬಲ್ ಹಿಡಿದು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಬೈಗುಳದ ರಿಹರ್ಸಲ್... ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಕೊನೆಗೆ ಸ್ವಲ್ಪ ಕಣ್ಣೀರು.

ಚರ್ಚಿನ ಅಂಗಳಕ್ಕೆ ಬಂದವಳು ಅಲ್ಲೇ ನಿಂತಳು.

ಬೇವಿನ ಮರದಿಂದ ಕಿಟಕಿಯವರೆಗೆ ಹಗ್ಗ. ಹಗ್ಗದ ತುಂಬ ಬಟ್ಟೆ ಕ್ಲಿಪ್ ಸಿಕ್ಕಿಸಿದ ನೋಟ್‌ಬುಕ್ ಹಾಳೆಗಳು... ಪಾಸ್ಟರ್ ಬರೆದಿಟ್ಟುಕೊಂಡಿದ್ದ ಹತ್ತೊಂಬತ್ತು ವರ್ಷದ ಭಾನುವಾರದ ಉಪದೇಶಗಳು! ಶಾಯಿ ಕದಡಿ ಒಂದಕ್ಷರವೂ ಓದಲು ಬರುವಂತಿರಲಿಲ್ಲ.

ಪಾಸ್ಟರ್ ಒಂದು ಕೈಯಲ್ಲಿ ಹಾಳೆ ತಿರುವುತ್ತಿದ್ದರು, ಇನ್ನೊಂದು ಕೈಯಲ್ಲಿ ಸೊಂಟದಿಂದ ಜಾರುತ್ತಿದ್ದ ಪ್ಯಾಂಟ್ ಹಿಡಿದಿದ್ದರು. ಅದರೊಳಗೆ ಇಬ್ಬರು ಪಾಸ್ಟರ್‌ಗಳು ಆರಾಮಾಗಿ ಹಿಡಿಯುತ್ತಿದ್ದರು.

"ಪ್ಯಾಂಟ್ ಯಾರ್ದು?" ಎಂದಳು ರಾಹೇಲಮ್ಮ.

"ಪರಿಹಾರದ ಮೂಟ್ಯಾಗ ಬಂದಿತ್ತಮ್ಮ... ಯಾರೂ ಒಯ್ಯಲಿಲ್ಲ."

"ನಿಮ್ಮವು ಎಲ್ಲಿ ಹೋದವು?"

ಪಾಸ್ಟರ್ ಸುಮ್ಮನೆ ನಕ್ಕರು. ಸಕ್ಕರೆ ಇಲ್ಲದ ಚಹಾ ಕೊಟ್ಟರೂ "ಚೊಲೋ ಅದ" ಎನ್ನುವಾಗ ನಗುತ್ತಾರಲ್ಲ, ಅದೇ ನಗು. ರಾಹೇಲಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವಳು ಚರ್ಚಿನ ಹಿಂದಿದ್ದ ಪಾಸ್ಟರ್ ಮನೆಗೆ ನೇರ ನುಗ್ಗಿದಳು.

ಮುಂದಿನ ಬಾಗಿಲಿತ್ತು... ಹಿಂದಿನ ಗೋಡೆ ಇರಲಿಲ್ಲ. ಒಲೆಯ ಮೇಲೆ ಮೊಣಕಾಲುದ್ದ ಕೆಸರು. ಹೆಂಡತಿ, ಮಗಳು ತವರಿಗೆ ಹೋಗಿದ್ದರು.

ಅಲ್ಲಿಂದ ಚರ್ಚಿನೊಳಗೆ ಬಂದು ನೋಡಿದರೆ, ಪಾಸ್ಟರ್ ಮಲಗುತ್ತಿದ್ದದ್ದು ಅಲ್ಲಿನ ಬೆಂಚಿನ ಮೇಲೆ. ತಲೆದಿಂಬಿಗೆ ನಾಲ್ಕು ಹಾಡಿನ ಪುಸ್ತಕ, ಪಕ್ಕದಲ್ಲಿ ಅರ್ಧ ಪ್ಯಾಕೆಟ್ ಬಿಸ್ಕತ್ತು... ಅದರ ಕೆಳಗೊಂದು ಪತ್ರ.

ಬೇರೆಯವರ ಪತ್ರ ಓದುವುದು ತಪ್ಪೆಂದು ರಾಹೇಲಮ್ಮನಿಗೆ ಗೊತ್ತಿತ್ತು. ಅದಕ್ಕೇ ಒಂದೇ ಸಲ ಓದಿದಳು.

"ಮಾನ್ಯರೇ, ನನ್ನನ್ನು ಬೇರೆ ಊರಿಗೆ ವರ್ಗ ಮಾಡಿ. ಎಲ್ಲರಿಗೂ ಧೈರ್ಯ ಹೇಳುತ್ತಿದ್ದೇನೆ... ನನ್ನಲ್ಲೇ ಈಗ ಧೈರ್ಯ ಉಳಿದಿಲ್ಲ."

"ಎಲ್ಲರ ಮುಂದ 'ನಮ್ಮನಿ ಆರಾಮ ಅದ' ಅಂತಿದ್ರಲ್ರೀ?" ಹಿಂದೆಯೇ ಬಂದು ನಿಂತಿದ್ದ ಪಾಸ್ಟರನ್ನು ಕೇಳಿದಳು.

"ಯಾರೂ ಒಳಗ ಬಂದು ನೋಡ್ಲಿಲ್ಲಮ್ಮ..."

ರಿಹರ್ಸಲ್ ಮಾಡಿದ್ದೆಲ್ಲ ರಾಹೇಲಮ್ಮನಿಗೆ ಮರೆತೇಹೋಯಿತು. ಈ ಮನುಷ್ಯ ನಲವತ್ತು ಮನೆ ಹತ್ತಿ ಇಳಿದಿದ್ದ. ಇವನ ಮನೆಗೆ ಒಬ್ಬರೂ ಬಂದಿರಲಿಲ್ಲ... ತಾನೂ ಬಂದಿದ್ದು ಬೈಯಲಿಕ್ಕೆ.

ಅವಳು ನೇರ ಹೋಗಿ ಗಂಟೆಯ ಹಗ್ಗ ಹಿಡಿದಳು. ಆ ಊರಲ್ಲಿ ಆರಾಧನೆಗೆ ಗಂಟೆ ಬಿಡದೆ ಬಾರಿಸುತ್ತಾರೆ, ಯಾರಾದರೂ ತೀರಿಕೊಂಡರೆ ನಿಧಾನಕ್ಕೆ ಒಂದೊಂದೇ ಏಟು.

ಟಣ್... ಟಣ್... ಟಣ್...

"ಅಮ್ಮಾ, ಅದು ಸಾವಿನ ಗಂಟಿ!" ಪಾಸ್ಟರ್ ಗಾಬರಿಯಾದರು.

"ಗೊತ್ತದ. ಆರಾಧನಿ ಗಂಟಿ ಹೊಡದ್ರ ಎಲ್ಲಾರೂ ಅರ್ಧ ತಾಸು ತಡಾ ಮಾಡಿ ಬರ್ತಾರ!"

ಹತ್ತೇ ನಿಮಿಷದಲ್ಲಿ ಇಡೀ ಸಭೆ ಅಂಗಳದಲ್ಲಿತ್ತು. ಸಭೆಯ ಹಿರಿಯ ಸಮುವೇಲಪ್ಪ ಅರ್ಧ ಗಡ್ಡ ಬೋಳಿಸಿಕೊಂಡು, ದಾರಿಯಲ್ಲೇ ಅಳು ಶುರುಮಾಡಿ ಬಂದಿದ್ದ.

"ಯಾರ್ ಹೋದ್ರು? ಅಯ್ಯೋ, ಯಾರ್ ಹೋದ್ರು?"

"ಪಾಸ್ಟರ್" ಎಂದಳು ರಾಹೇಲಮ್ಮ.

ಅವಳ ಹಿಂದೆಯೇ ಪಾಸ್ಟರ್ ಪ್ಯಾಂಟ್ ಹಿಡಿದುಕೊಂಡು ನಿಂತಿದ್ದರು. ಸಮುವೇಲಪ್ಪನಿಗೆ ಶುರುವಾದ ಅಳು ತಕ್ಷಣ ನಿಲ್ಲಿಸಲಾಗಲಿಲ್ಲ.

"ಇನ್ನಾ ಹೋಗಿಲ್ಲ, ಹೋಗವರಿದ್ದಾರ! ಒಬ್ಬೊಬ್ರಾಗಿ ಅವ್ರ ಮನಿ ಒಳಗ ಹೋಗಿ ನೋಡ್ಕೊಂಡ್ ಬರ್ರಿ."

ಹೋದವರು ಇಲ್ಲದ ಗೋಡೆ ನೋಡಿದರು, ಕೆಸರು ತುಂಬಿದ ಒಲೆ ನೋಡಿದರು. ಹೊರಗೆ ಬಂದಾಗ ಯಾರಿಗೂ ತಲೆ ಎತ್ತಲಾಗಲಿಲ್ಲ.

ರಾಹೇಲಮ್ಮ ಪಾಸ್ಟರನ್ನು ಕುರ್ಚಿಯಲ್ಲಿ ಕೂರಿಸಿದಳು. ಮನೆ ಭೇಟಿಗೆ ಬಂದಾಗ ಅವರು ಮಾಡುವ ಹಾಗೆಯೇ ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದಳು.

"ಹ್ಯಾಂಗಿದ್ದೀರಿ? ಊಟ ಆಗ್ಲತ್ತದೇನು? ನಿದ್ದಿ ಬರ್ಲತ್ತದೇನು?"

ಪಾಸ್ಟರ್ "ಆರಾಮ..." ಎಂದು ಬಾಯಿ ತೆರೆದರು.

"ದೇವರ ಮನಿ ಅಂಗಳದಾಗ ಕುಂತೀರಿ. ಸುಳ್ಳ ಹೇಳಬ್ಯಾಡ್ರಿ."

ಅಷ್ಟೇ... ಹತ್ತೊಂಬತ್ತು ವರ್ಷ ಊರಿನವರ ಕಣ್ಣೀರು ಒರೆಸಿದವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಪ್ಯಾಂಟ್ ಹಿಡಿಯಲು ಕೈ ಉಳಿದಿರಲಿಲ್ಲ, ಕೂತಿದ್ದದ್ದೇ ಪುಣ್ಯ.

ರಾಹೇಲಮ್ಮ ಅವರ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

"ದೇವರೇ, ಇವರು ನಮ್ಮೆಲ್ಲಾರ್‍ನೂ ಕೇಳಿದ್ರು. ಇವರಿಗಿ ನಾವ್ಯಾರೂ ಕೇಳ್ಲಿಲ್ಲ. ನಾ ಅಂತೂ ಬೈಲಾಕ ಬಂದಿದ್ದೆ... ಕ್ಷಮಿಸು ತಂದೇ. ಗೋಡಿ ಸಮುವೇಲಪ್ಪ ಕಟ್ಟಸ್ತಾನ. ಆಮೆನ್."

ಸಮುವೇಲಪ್ಪ ಥಟ್ಟನೆ ಒಂದು ಕಣ್ಣು ತೆರೆದ. ಅಷ್ಟರಲ್ಲಿ ಇಡೀ ಸಭೆ "ಆಮೆನ್" ಅಂದಾಗಿತ್ತು... ಆಮೆನ್ ಆದ ಮೇಲೆ ಯಾರೇನು ಮಾಡಲು ಬರುತ್ತದೆ?

ಆ ದಿನ ಪಾಸ್ಟರ್ ಮನೆಗೆ ಏಳು ಬುತ್ತಿ ಬಂದವು. ಸಲಿಕೆಗಳೂ ಬಂದವು. ದರ್ಜಿ ಬಂದು ಮೊದಲು ಪ್ಯಾಂಟಿನ ಅಳತೆ ತೆಗೆದುಕೊಂಡ.

ಕೆಸರು ತೆಗೆದ ಒಲೆಯಲ್ಲಿ ರಾಹೇಲಮ್ಮ ಚಹಾಕ್ಕೆ ನೀರಿಟ್ಟಳು. ಹಸಿ ಸೌದೆ ಹೊತ್ತಲಿಲ್ಲ. ಪಾಸ್ಟರ್ ಎದ್ದು ಹೋಗಿ ಆ ಪತ್ರ ತಂದು ತಾವೇ ಒಲೆಗೆ ಹಾಕಿದರು.

ಎರಡು ವಾರಕ್ಕೆ ಗೋಡೆ ಎದ್ದಿತು, ಹೆಂಡತಿ ಮಗಳು ವಾಪಸ್ ಬಂದರು. ಆ ಸಂಜೆ ಪಾಸ್ಟರ್ ತಮ್ಮ ಮನೆ ಭೇಟಿಯ ಡೈರಿ ತೆರೆದರೆ, ಕೊನೆಯಲ್ಲಿ ಸೊಟ್ಟ ಅಕ್ಷರದಲ್ಲಿ ಯಾರೋ ಬರೆದಿದ್ದರು...

"ನಲವತ್ತೆರಡನೇ ಮನಿ, ಪಾಸ್ಟರ್ ಅವರದು. ಭೇಟಿ ಆಯಿತು. ಇನ್ನು ಪ್ರತಿ ಮಂಗಳವಾರ ಯಾರಾದರೂ ಬರುತ್ತೇವೆ. ನಲವತ್ತೊಂದನೇ ಮನಿ ಇನ್ನೂ ಬಾಕಿ ಅದ... ನೆನಪಿರಲಿ!"

ಎಲ್ಲರಿಗೂ ಧೈರ್ಯ ಹೇಳುವವರಿಗೂ, ಬಂದು ಧೈರ್ಯ ಹೇಳುವ ಒಬ್ಬರು ಬೇಕು.

ಕಷ್ಟದಲ್ಲಿ ನಿಮ್ಮ ಬಾಗಿಲಿಗೆ ಬಂದವರ ಮನೆಯೊಳಗೆ... ನೀವು ಕೊನೆಯ ಸಲ ಹೋಗಿ ನೋಡಿದ್ದು ಯಾವಾಗ?